ಕೆಜಿಯಾಳ ಕನ್ನೆಕಿರೀಟ

"ಇನ್ನೂ ಏನು ಬೇಕು ನಿನಗೆ?"

ಟ್ಯಾಮ್ಸಿನ್‌ಳ ದನಿ ಖಾಲಿ ಚರ್ಚಿನ ಕಂಬಗಳಿಗೆ ತಾಗಿ ಅವಳ ಬಳಿಗೇ ಹಿಂದಿರುಗಿತು. ಉತ್ತರ ಕೊಡಲು ಅಲ್ಲಿ ಯಾರಿದ್ದರು? ಮೂಗು ಮುರಿದ ಕಲ್ಲಿನ ಯೋಧನೊಬ್ಬ ತನ್ನ ಗೋರಿಯ ಮೇಲೆ ಕೈಮುಗಿದು ಮಲಗಿದ್ದ, ಅಷ್ಟೇ.

ಬಾಗಿಲ ಬಳಿ ನೆಲದ ಮೇಲೆ ಅಕ್ಕನ ಕನ್ನೆಕಿರೀಟ ಬಿದ್ದಿತ್ತು. ನಿನ್ನೆ ಸಂಜೆ ಟ್ಯಾಮ್ಸಿನ್ ತಾನೇ ಏಣಿ ಹತ್ತಿ ಬಾಗಿಲ ಮೇಲಿನ ಕೊಂಡಿಗೆ ಎರಡು ಗಂಟು ಹಾಕಿ ಕಟ್ಟಿದ್ದಳು. ಗಂಟು ಬಿಚ್ಚಿರಲಿಲ್ಲ. ದಾರ ಕಡಿದಿರಲಿಲ್ಲ. ಆದರೂ ಕಿರೀಟ ಕೆಳಗಿತ್ತು... ಅದರ ಒಂದು ಕಾಗದದ ಕೈಗವಸು ಹರಿದು, ಅಂಗೈ ಮೇಲಾಗಿ, ಏನನ್ನೋ ಬೇಡುವಂತೆ ಬಿದ್ದಿತ್ತು.

ಹೋದ ವಾರವೂ ಹೀಗೇ ಆಗಿತ್ತು.

ಆಲ್ಡರ್‌ಬೋರ್ನ್ ಊರಿನಲ್ಲಿ ಮದುವೆಯಾಗದೆ ತೀರಿಕೊಂಡ ಹೆಣ್ಣಿನ ಶವದ ಮುಂದೆ ಇಂಥದೊಂದು ಕಿರೀಟ ಹೊತ್ತು ನಡೆಯುತ್ತಾರೆ. ಬಾಗಿಸಿದ ಕಡ್ಡಿ, ಕಾಗದದ ಬಿಳಿ ಹೂವು, ಸುತ್ತ ಇಳಿಬಿದ್ದ ಕಾಗದದ ಕೈಗವಸು. ಮಣ್ಣು ಮಾಡಿದ ಮೇಲೆ ಮೂರು ಭಾನುವಾರ ಅದು ಬಾಗಿಲ ಮೇಲೆ ತೂಗಬೇಕು. 'ಈ ಹೆಣ್ಣಿನ ಮೇಲೆ ಮಾತೆತ್ತುವವರಿದ್ದರೆ ಎದ್ದು ನಿಲ್ಲಿ' ಎಂದು ಪಾದ್ರಿ ಕೇಳುತ್ತಾರೆ. ಯಾರೂ ಏಳದಿದ್ದರೆ ಕಿರೀಟ ಒಳಗೋಡೆಯ ಮೇಲಕ್ಕೇರುತ್ತದೆ, ಹೆಸರಿನ ಹಲಗೆಯ ಸಮೇತ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಇನ್ನೂರು ವರ್ಷದ ಹಿಂದೆ ರಾಜನ ತಲೆ ಕಡಿದ ಕಾಲದ ಕಿರೀಟಗಳು ಇನ್ನೂ ಅಲ್ಲೇ ಇವೆ, ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿ.

ಆ ಸಾಲಿನಲ್ಲಿ ಒಂದೇ ಒಂದು ಮೊಳೆ ಖಾಲಿ. ಊರವರು ಅದರ ಕೆಳಗೆ ಕೂರುವುದಿಲ್ಲ.

ಟ್ಯಾಮ್ಸಿನ್ ಬಗ್ಗಿ ಕಿರೀಟವನ್ನು ಎತ್ತಿಕೊಂಡಳು. 'ನಾಳೆ ಒಂದು ದಿನ ತಡಕೋ ಅಕ್ಕಾ... ನಾಳೆ ಮೂರನೇ ಭಾನುವಾರ. ಆಮೇಲೆ ನೀನು ನಿನ್ನ ಜಾಗ ಸೇರ್ತೀಯ. ನಾನೂ ನಿದ್ದೆ ಮಾಡ್ತೀನಿ.'

"ಅದನ್ನ ಮತ್ತೆ ತೂಗಬೇಡ, ಟ್ಯಾಮ್."

ಅವಳ ಕೈಯೊಳಗಿನ ಕಾಗದ ಸರಕ್ಕನೆ ಸದ್ದು ಮಾಡಿತು.

ಟ್ಯಾಮ್! ಹಾಗೆ ಕರೆಯುತ್ತಿದ್ದವನು ಒಬ್ಬನೇ. ಹನ್ನೊಂದು ವರ್ಷದಿಂದ ಆ ಕರೆಯನ್ನು ಅವಳು ಕೇಳಿರಲಿಲ್ಲ. ಕೇಳಬಾರದೆಂದೇ ದೇವರಲ್ಲಿ ಬೇಡಿಕೊಂಡಿದ್ದಳು!

ಬಾಗಿಲಾಚೆ ಮಂಜು. ಮಂಜಿನಲ್ಲಿ ಜೋಯೆಲ್ ಹ್ಯಾಥರ್ಲಿ. ಹೆಗಲು ಅಗಲವಾಗಿತ್ತು, ಕಿವಿಯ ಬಳಿ ಕೂದಲು ನೆರೆತಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

"ದೇವರ ಮನೆಯೊಳಗೆ ಕಾಲಿಡೋಕೆ ನಿನಗೆ ನಾಚಿಕೆ ಆಗಲ್ವಾ?"

"ಎಲ್ಲಿಟ್ಟಿದೀನಿ? ಹೊಸ್ತಿಲಾಚೆನೇ ನಿಂತಿದೀನಿ, ನೋಡು."

"ನಗಬೇಡ!"

"ನಗ್ತಿಲ್ಲ," ಎಂದ ಅವನು. ನಿಜಕ್ಕೂ ನಗುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಆ ಭಾನುವಾರ ಟ್ಯಾಮ್ಸಿನ್‌ಳ ಕಣ್ಣ ಮುಂದೆ ಎದ್ದು ನಿಂತಿತು. ಜ್ವರದಲ್ಲಿ ಹೋದ ಅಕ್ಕ ಕೆಜಿಯಾ. ಅಪ್ಪ ಎಫ್ರಾಯಿಮ್ ಈ ಚರ್ಚಿನ ಗಂಟೆ ಹೊಡೆದು ಗೋರಿ ತೋಡುತ್ತಿದ್ದವನು. ಊರಿಗೆಲ್ಲ ತೋಡಿದ ಕೈಯಿಂದಲೇ ಮಗಳಿಗೂ ತೋಡಿದ್ದ, ಗೋರಿಯಂಗಳದ ಹಳೆಯ ಯೂ ಮರದ ಕೆಳಗೆ, ಅಮ್ಮನ ಪಕ್ಕದಲ್ಲಿ. ಮೂರನೆಯ ಭಾನುವಾರ ಪಾದ್ರಿ ಕೇಳಿದಾಗ, ಜೋಯೆಲ್, ಈ ಚರ್ಚನ್ನು ತೊರೆದು ಹೊಳೆಯಾಚೆ ಬೇರೆ ಭಜನಾಮಂದಿರ ಕಟ್ಟಿಕೊಂಡ ಪಂಗಡದ ಹುಡುಗ, ಎಂದೂ ಈ ಚರ್ಚಿನ ಮೆಟ್ಟಿಲು ಹತ್ತದವನು, ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದ.

"ಕೆಜಿಯಾಗೆ ಈ ಕಿರೀಟದ ಹಕ್ಕಿಲ್ಲ."

ಅಷ್ಟೇ. ಯಾಕೆ ಎಂದು ಪಾದ್ರಿ ಮತ್ತೆ ಮತ್ತೆ ಕೇಳಿದರೂ ಅವನು ತಲೆ ತಗ್ಗಿಸಿ ನಿಂತಿದ್ದನೇ ಹೊರತು ಬಾಯಿ ಬಿಡಲಿಲ್ಲ. ಕಾರಣ ಬೇಕಿತ್ತೇ? ಕನ್ನೆಕಿರೀಟಕ್ಕೆ ಹಕ್ಕಿಲ್ಲವೆಂದರೆ ಏನರ್ಥವೆಂದು ಆಲ್ಡರ್‌ಬೋರ್ನ್‌ನ ಎಳೆಮಗುವಿಗೂ ಗೊತ್ತು. ಅಪ್ಪ ತಾನೇ ಏಣಿ ಹತ್ತಿ ಕಿರೀಟ ಇಳಿಸಿದ. ಅಂದಿನಿಂದ ಸಾಯುವವರೆಗೂ ಅವನು ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ.

ಆ ಈಸ್ಟರ್ ಕಳೆದ ಮೇಲೆ, 'ಅಪ್ಪಾ, ನಾನು ಜೋಯೆಲ್‌ನನ್ನು ಮೆಚ್ಚಿದೀನಿ' ಎಂದು ಹೇಳಬೇಕೆಂದು ಟ್ಯಾಮ್ಸಿನ್ ಮಾತು ಕೂಡಿಸಿಟ್ಟಿದ್ದಳು. ಆ ಮಾತು ಹೇಳುವ ದಿನ ಬರಲೇ ಇಲ್ಲ.

ಆಮೇಲೆ ಶುರುವಾದದ್ದು ಇನ್ನೊಂದು. ಸತ್ತ ಕೆಜಿಯಾ ಗೋರಿಯಿಂದ ಎದ್ದು ನಡೆಯುತ್ತಾಳೆ ಎಂದರು ಊರವರು. ಗಿರಣಿಯವನ ಹೆಂಡತಿ ಹೊಳೆಯ ನೀರಿನ ಮೇಲೆ ಬಿಳಿ ಕೈಗವಸು ತೇಲುವುದನ್ನು ಕಂಡಳಂತೆ. ಮಕ್ಕಳು ಯೂ ಮರದ ಬಳಿ ಬಂದರೆ ಉಸಿರು ಬಿಗಿಹಿಡಿದು ಓಡುತ್ತಿದ್ದವು. ಟ್ಯಾಮ್ಸಿನ್ ಯಾರಿಗೂ ಹೇಳದಿದ್ದುದು ಒಂದಿತ್ತು... ಆ ಕಿರೀಟವನ್ನಿಟ್ಟ ಪೆಟ್ಟಿಗೆಯೊಳಗಿಂದ, ಗಾಳಿಯಿಲ್ಲದ ದಿನಗಳಲ್ಲೂ, ಸರಸರ ಕಾಗದದ ಸದ್ದು. ಯಾರೋ ಒಳಗೆ ಕುಳಿತು ಬೆರಳೊಂದೊಂದನ್ನೇ ಕೈಗವಸಿನಿಂದ ಬಿಡಿಸಿಕೊಳ್ಳುತ್ತಿರುವಂತೆ.

ಈ ಚಳಿಗಾಲ ಅಪ್ಪನೂ ಹೋದ. ಹೊಸ ಪಾದ್ರಿ ಕ್ರೇನ್ ಅವರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಅಕ್ಕನ ಕಿರೀಟಕ್ಕೆ ಮೂರು ಭಾನುವಾರವನ್ನು ಹೊಸದಾಗಿ ಪಡೆದಿದ್ದಳು.

"ಯಾಕೆ ಬಂದೆ?" ಎಂದಳು ಈಗ.

"ಕಿರೀಟ ಮತ್ತೆ ತೂಗ್ತಿದೆ ಅಂತ ನಾನಿರೋ ಬಂದರಿಗೂ ಸುದ್ದಿ ಬಂತು. ಪಾದ್ರಿಗಳು ನಾಳೆ ಕೇಳಿದಾಗ ಯಾರೂ ಏಳದಿದ್ರೆ ಅದು ಮೇಲಕ್ಕೆ ಹೋಗಿಬಿಡತ್ತೆ. ಹಾಗಾಗೋಕೆ ನಾನು ಬಿಡೋಹಾಗಿಲ್ಲ. ಏಳಲೇಬೇಕು. ಅದಕ್ಕೂ ಮುಂಚೆ ನಿನಗೊಂದು ಮಾತು ಹೇಳಬೇಕಿತ್ತು."

"ಮತ್ತೆ? ಮತ್ತೆ ಅದೇ ಮಾತಾ?!"

"ಅದೇ ಮಾತು. ಈ ಸಲ ಪೂರ್ತಿ." ಅವನು ಟೋಪಿಯನ್ನು ಕೈಯಲ್ಲಿ ಹಿಂಡಿದ. "ಕೆಜಿಯಾ ಕನ್ನೆ ಅಲ್ಲ, ಟ್ಯಾಮ್—"

ಫಟಾರ್! ಅವಳ ಕೈ ಅವಳನ್ನು ಕೇಳದೆಯೇ ಮೇಲೆದ್ದಿತ್ತು.

ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಅವಳು ನನ್ನ ಅತ್ತಿಗೆ," ಎಂದ.

ಚರ್ಚಿನೊಳಗೆ ಎಲ್ಲೋ ಕಾಗದ ಸರಸರ ಎಂದಿತು.

"ಏನಂದೆ?"

"ನಮ್ಮಣ್ಣ ಅಸಾ ಹಡಗು ಹತ್ತೋ ಹಿಂದಿನ ವಾರ ಅವರಿಬ್ಬರೂ ಪೇಟೆಯಲ್ಲಿ ಮದುವೆ ಆದರು. ನಮ್ಮವರ ಮಂದಿರದಲ್ಲಿ. ನಾನೇ ಪಕ್ಕದಲ್ಲಿ ನಿಂತಿದ್ದೆ. ಅಸಾ ತಿರುಗಿ ಬಂದಮೇಲೆ ನಿಮ್ಮಪ್ಪನಿಗೆ ಹೇಳೋದು ಅಂತಿತ್ತು. ಅಷ್ಟರಲ್ಲಿ ಜ್ವರ..." ಅವನ ದನಿ ಒಡೆಯಿತು. "ಕಿಟಕಿ ಹತ್ರ ಕರೆದು ಎರಡು ಮಾತು ತಗೊಂಡಳು ನನ್ನಿಂದ. 'ನನ್ನ ಹೆಸರಲ್ಲಿ ಕನ್ನೆಕಿರೀಟ ತೂಗೋಕೆ ಬಿಡಬೇಡ ಜೋಯೆಲ್. ನಾನು ಅಸಾನ ಹೆಂಡತಿ. ದೇವರ ಮನೇಲಿ ಆ ಸುಳ್ಳು ತೂಗಬಾರದು. ಅವನು ಬಂದು ನೋಡಿದ್ರೆ ನಾನವನನ್ನ ಬಿಟ್ಟುಕೊಟ್ಟ ಹಾಗಾಗತ್ತೆ' ಅಂದಳು."

"ಇನ್ನೊಂದು?"

"'ಅಪ್ಪ ಬದುಕಿರೋವರೆಗೂ ಕಾರಣ ಹೇಳಬೇಡ. ಹೊಳೆಯಾಚೆಯವನನ್ನ ಕಟ್ಟಿಕೊಂಡೆ ಅಂತ ಗೊತ್ತಾದ್ರೆ ಅವನು ಅಮ್ಮನ ಪಕ್ಕ ನನಗೆ ಗುಂಡಿ ತೋಡಲ್ಲ.'"

ಅಪ್ಪ ಹಾಗೆ ಮಾಡುತ್ತಿರಲಿಲ್ಲ ಎಂದು ಹೇಳಲು ಟ್ಯಾಮ್ಸಿನ್ ಬಾಯಿ ತೆರೆದಳು... ಅಷ್ಟರಲ್ಲಿ ನೆನಪಾಯಿತು. ಗುದ್ದಲಿ ಹಾಕುತ್ತ ಕೀರ್ತನೆ ಹಾಡುತ್ತಿದ್ದ ಅಪ್ಪ, ಹೊಳೆಯಾಚೆಯವರ ಹೆಣ ಹೋಗುವಾಗ ಮಾತ್ರ ಹಾಡು ನಿಲ್ಲಿಸಿ ಬೆನ್ನು ತಿರುಗಿಸುತ್ತಿದ್ದ.

"ಸತ್ತವರ ಬಾಯಲ್ಲಿ ಏನು ಬೇಕಾದ್ರೂ ಹೇಳಿಸಬಹುದು. ನಿಮ್ಮಣ್ಣನೇ ಬಂದು ಹೇಳಲಿ!"

"ಅಸಾ ಹೋದ ಚಳಿಗಾಲ ತೀರಿಕೊಂಡ, ಟ್ಯಾಮ್. ಬಂದರಿನಲ್ಲಿ, ನನ್ನ ಕೈಯಲ್ಲೇ. ಕೊನೆಗೆ ಕೇಳಿದ್ದೂ ಅದನ್ನೇ. 'ಆ ಕಿರೀಟ ತೂಗಿಲ್ಲ ತಾನೇ?'"

ಅವಳು ಮುಖ ತಿರುಗಿಸಿದಳು.

"ನನ್ನ ನಂಬಬೇಡ," ಎಂದ ಜೋಯೆಲ್ ಮೆಲ್ಲಗೆ. "ನ್ಯಾನ್ ಟಫಿನ್ ಅಜ್ಜಿಯನ್ನ ಕೇಳು. ಮಣ್ಣು ಮಾಡೋ ಮುಂಚೆ ನಿಮ್ಮಕ್ಕನ ಮೈ ತೊಳೆದವಳು ಅವಳೇ."

* * *

ಹೊಳೆಗೆ ಅಡ್ಡಲಾಗಿ ಇಟ್ಟ ಕಲ್ಲುಗಳನ್ನು ದಾಟಿದರೆ ಮಹಾಮಾರಿಯ ಕಲ್ಲು. ಊರಿಗೆ ಪ್ಲೇಗ್ ಬಿದ್ದಾಗ ಹೊರಗಿನವರು ರೊಟ್ಟಿ ತಂದಿಟ್ಟು ಹೋಗುತ್ತಿದ್ದ ಜಾಗ. ಹದಿನೆಂಟರ ವಯಸ್ಸಿನಲ್ಲಿ ಟ್ಯಾಮ್ಸಿನ್ ಅದೇ ಕಲ್ಲಿನ ಹಿಂದೆ ನಿಂತು ಜೋಯೆಲ್‌ಗಾಗಿ ಕಾದಿದ್ದಳು. ಇಂದು ಅದನ್ನು ನೋಡದೆ ನಡೆದಳು.

ನ್ಯಾನ್ ಅಜ್ಜಿ ಬಾಗಿಲಲ್ಲಿ ಕುಳಿತು ಬಾತುಕೋಳಿಯ ಪುಕ್ಕ ಕೀಳುತ್ತಿದ್ದಳು.

"ಯಾರದು, ಎಫ್ರಾಯಿಮ್‌ನ ಕಿರಿಮಗಳಾ? ನನ್ನ ಗುಂಡಿಗೆ ಅಳತೆ ತಗೊಳ್ಳೋಕೆ ಬಂದೆಯೇನೇ? ಇನ್ನೂ ಸತ್ತಿಲ್ಲ, ಹೋಗು."

"ಅಜ್ಜಿ, ನಮ್ಮಕ್ಕನ ಮೈ ತೊಳೆದದ್ದು ನೀವಲ್ವಾ?"

ಪುಕ್ಕ ಕೀಳುತ್ತಿದ್ದ ಕೈ ನಿಂತಿತು.

"ಜೋಯೆಲ್ ಬಂದಿದಾನೆ, ಹಂಗಾದ್ರೆ."

"ನನಗೆ ನಿಜ ಬೇಕು."

"ಇಷ್ಟು ವರ್ಷ ಬೇಡದ್ದು ಈಗ ಬೇಕಾಯ್ತಾ? ಯಾವತ್ತಾದ್ರೂ ಈ ಹೊಳೆ ದಾಟಿ ಬಂದು ಕೇಳಿದ್ಯಾ?" ಅಜ್ಜಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ದನಿ ಇಳಿಸಿದಳು. "ಕೂತ್ಕೋ ಮಗಳೇ. ನಿಂತು ಕೇಳೋ ಮಾತಲ್ಲ."

ಟ್ಯಾಮ್ಸಿನ್ ಹೊಸ್ತಿಲ ಮೇಲೆ ಕುಳಿತಳು.

"ತಲೆ ಬಾಚೋಕೆ ಅಂತ ಜಡೆ ಬಿಚ್ಚಿದೆ. ಜಡೆಯೊಳಗೆ ಉಂಗುರ. ದಾರ ಕಟ್ಟಿ ಒಳಗೆ ಹೆಣೆದುಕೊಂಡಿದ್ದಳು ಆ ಕೂಸು, ಯಾರಿಗೂ ಕಾಣಬಾರದು ಅಂತ. ತಣ್ಣಗಿದ್ದ ಬೆರಳಿಗೆ ನಾನೇ ಅದನ್ನ ಹಾಕಿದೆ. ಮೇಲೆ ಬಿಳಿ ಕೈಗವಸು ತೊಡಿಸಿದೆ. ನಿಮ್ಮಪ್ಪ ಬಂದು ಆ ಕೈಗವಸಿನ ಮೇಲೇ ಮುತ್ತು ಕೊಟ್ಟ."

ಟ್ಯಾಮ್ಸಿನ್‌ಳ ಕಣ್ಣಲ್ಲಿ ನೀರು ತುಂಬಿ ಅಂಗಳ ಕಾಣದಾಯಿತು. ಅವಳೂ ಮುತ್ತು ಕೊಟ್ಟಿದ್ದಳು... ಅದೇ ಕೈಗೆ. ತುಟಿಗೆ ಗಟ್ಟಿಯಾದದ್ದೇನೋ ತಗುಲಿತ್ತು. ಬೆರಳಿನ ಮೂಳೆ ಎಂದುಕೊಂಡಿದ್ದಳು!

"ಊರೆಲ್ಲ ಅವಳನ್ನ ಆಡಿಕೊಂಡಾಗಲಾದ್ರೂ ಹೇಳಬಾರದಿತ್ತಾ ಅಜ್ಜಿ?"

"ಹೆಣ ತೊಳೆದ ಕೈ ಬಾಯಿಗೆ ಹೋಗಬಾರದು, ಮಗಳೇ. ಹೇಳೋಕೆ ಶುರುಮಾಡಿದ್ರೆ ಈ ಊರಲ್ಲಿ ಯಾರ ಹೆಣ ನೆಟ್ಟಗೆ ಮಲಗತ್ತೆ?" ಅಜ್ಜಿ ಮತ್ತೆ ಪುಕ್ಕಕ್ಕೆ ಕೈ ಹಾಕಿದಳು. "ಒಂದು ಕೇಳ್ತೀನಿ. ಅವಳು ಯಾಕೆ ನಡೀತಾಳೆ ಅಂತ ತಿಳ್ಕೊಂಡಿದ್ದೆ?"

"ಕಿರೀಟ ಬೇಕು ಅಂತ..."

"ದಡ್ಡಿ! ಬೇಡ ಅಂತ."

ಟ್ಯಾಮ್ಸಿನ್‌ಗೆ ಒಂದೊಂದೇ ನೆನಪಾಯಿತು. ಹರಿದ ಕೈಗವಸು... ಪೆಟ್ಟಿಗೆಯೊಳಗೆ ಬೆರಳು ಬಿಡಿಸಿಕೊಳ್ಳುವ ಸದ್ದು... ಅಕ್ಕ ಕೇಳುತ್ತಿದ್ದುದು ಒಂದು, ತಾನು ಮತ್ತೆ ಮತ್ತೆ ಕಟ್ಟುತ್ತಿದ್ದುದು ಇನ್ನೊಂದು. 'ಅಯ್ಯೋ ದೇವರೇ, ನಾನೇ ಅವಳನ್ನ ಮಲಗೋಕೆ ಬಿಟ್ಟಿಲ್ಲ!'

ಹಿಂದಿರುಗುವಾಗ ಜೋಯೆಲ್ ಮಹಾಮಾರಿಯ ಕಲ್ಲಿನ ಮೇಲೆ ಕುಳಿತಿದ್ದ. ಅವಳನ್ನು ಕಂಡು ಎದ್ದ.

"ನನಗೊಬ್ಬಳಿಗಾದ್ರೂ ಹೇಳಬಹುದಿತ್ತು," ಎಂದಳು ಅವಳು. ಕೋಪ ಎಲ್ಲಿಗೋ ಹೋಗಿ ದನಿಯಲ್ಲಿ ಬರಿಯ ನೋವು ಉಳಿದಿತ್ತು. "ನನಗೆ, ಜೋಯೆಲ್! ನಾನು ನಿನಗೆ ಯಾರೂ ಅಲ್ವಾ?"

"ನಿನಗೆ ಹೇಳಿದ್ರೆ, ಅಪ್ಪ ತಲೆ ತಗ್ಗಿಸಿಕೊಂಡು ಊಟಕ್ಕೆ ಕೂತಾಗ ನೀನು ಬಾಯಿ ಮುಚ್ಚಿಕೊಂಡು ಬಡಿಸ್ತಿದ್ದೆಯಾ?"

ಅವಳು ಯೋಚಿಸಿದಳು. ಒಂದು ದಿನವೂ ತಡೆದುಕೊಳ್ಳುತ್ತಿರಲಿಲ್ಲ.

"ಹತ್ತೊಂಬತ್ತು ವರ್ಷದ ಹುಡುಗ ನಾನು," ಎಂದ ಅವನು. "ಎದ್ದು ನಿಂತು ಒಂದು ಮಾತು ಹೇಳಿದ್ರೆ ಸಾಕು, ಕಿರೀಟ ಇಳಿಯತ್ತೆ ಅಂದುಕೊಂಡಿದ್ದೆ. ಆಮೇಲೆ ನಿನ್ನ ಮುಖ ನೋಡಿದೆ... ಆಗ ಗೊತ್ತಾಯ್ತು, ನನ್ನ ಬಾಯಿಂದ ಏನು ಬಂತು ಅಂತ. ಅವಳ ಮಾತು ಉಳಿಸೋಕೆ ಹೋಗಿ ಅವಳ ಮಾನವನ್ನೇ ಕಳೆದಿದ್ದೆ. ಬಾಯಿ ಬಿಟ್ಟರೆ ಆಣೆ ಮುರಿಯತ್ತೆ, ಬಿಡದಿದ್ರೆ ನೀನು ಹೋಗ್ತೀಯ." ಅವನು ಹೊಳೆಯ ಕಡೆ ನೋಡಿದ. "ನೀನು ಹೋದೆ."

ಅವನು ಮತ್ತೆ ಅವಳತ್ತ ತಿರುಗಿದ.

"ನಾಳೆ ನಾನು ಎದ್ದು ಎಲ್ಲಾ ಹೇಳ್ತೀನಿ, ಟ್ಯಾಮ್."

"ನೀನು ಏಳಬೇಡ."

ಅವನ ಮುಖ ಬಾಡಿತು. "ಇನ್ನೂ ನಂಬಿಕೆ ಇಲ್ವಾ?"

ಅವಳು ಹೊಳೆಯ ಕಲ್ಲುಗಳನ್ನು ದಾಟಿ ಹೋದಳು.

* * *

ಭಾನುವಾರ ಮಂಜು ಕಿಟಕಿಯ ಗಾಜಿಗೆ ಮುಖವಿಟ್ಟು ಒಳಗೆ ಇಣುಕುತ್ತಿತ್ತು. ಊರಿಗೆ ಊರೇ ಬಂದಿತ್ತು. ಹೊಳೆಯಾಚೆಯ ಜೋಯೆಲ್ ಬಂದಿದ್ದಾನೆಂದು ಸುದ್ದಿ ಹಬ್ಬಿದ ಮೇಲೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ?

"ನೋಡು, ಮತ್ತೆ ಬಂದು ಕೂತಿದಾನೆ, ಮಾನಗೆಟ್ಟವನು."

"ಏಳ್ತಾನೆ ನೋಡ್ತಿರು!"

ಕಿರೀಟ ಮತ್ತೆ ಬಾಗಿಲ ಮೇಲೆ ತೂಗುತ್ತಿತ್ತು. ಹರಿದ ಕೈಗವಸನ್ನು ಟ್ಯಾಮ್ಸಿನ್ ಅಂಟಿಸಿರಲಿಲ್ಲ.

ಪಾದ್ರಿ ಕ್ರೇನ್ ಪ್ರಾರ್ಥನೆ ಮುಗಿಸಿ ಕೇಳಿದರು. "ಎಫ್ರಾಯಿಮ್‌ನ ಮಗಳು ಕೆಜಿಯಾಳ ಮೇಲೆ ಮಾತೆತ್ತುವವರು ಯಾರಾದರೂ ಇದ್ದರೆ, ಈಗ ಎದ್ದು ನಿಲ್ಲಿ."

ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಜೋಯೆಲ್ ಮೊಣಕಾಲ ಮೇಲೆ ಕೈಯೂರಿ ಕುಳಿತಿದ್ದ.

ಮುಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು.

ಎದ್ದವಳು ಟ್ಯಾಮ್ಸಿನ್!

"ನಾನಿದೀನಿ," ಎಂದಳು.

"ಏನಮ್ಮಾ ಇದು..." ಪಾದ್ರಿ ತಡವರಿಸಿದರು. "ಬೇಡಿಕೊಂಡು ತೂಗಿಸಿದವಳು ನೀನೇ ಅಲ್ಲವೇ?"

"ನಾನೇ. ಗೊತ್ತಿಲ್ಲದೆ ತೂಗಿಸಿದೆ." ಅವಳು ಬಾಗಿಲ ಮೇಲಿನ ಕಿರೀಟದ ಕಡೆ ಕೈ ತೋರಿಸಿದಳು. "ನಮ್ಮಕ್ಕನಿಗೆ ಈ ಕಿರೀಟದ ಹಕ್ಕಿಲ್ಲ. ಅವಳು ಕನ್ನೆಯಾಗಿ ಸಾಯಲಿಲ್ಲ. ಗಂಡನುಳ್ಳವಳಾಗಿ ಸತ್ತಳು. ಅಸಾ ಹ್ಯಾಥರ್ಲಿಯ ಹೆಂಡತಿ ಅವಳು. ದೇವರ ಮುಂದೆ, ಸಾಕ್ಷಿ ಇಟ್ಟುಕೊಂಡು ಆದ ಮದುವೆ. ಆ ಸಾಕ್ಷಿ ಅಲ್ಲಿ ಹಿಂದೆ ಕೂತಿದಾನೆ. ಹನ್ನೊಂದು ವರ್ಷ ನಾವೆಲ್ಲ ಉಗಿದಿದ್ದು ಅವನಿಗೇ."

ಗುಸುಗುಸು ಎದ್ದಿತು. ಚರ್ಚಿನ ಹಿರಿಯ ಪೊಕಾಕ್ ಎದ್ದು ಗಂಟಲು ಸರಿಮಾಡಿಕೊಂಡ. "ಈಗ ಹಂಗೆ ಹೇಳೋದು ಸುಲಭ ಕಣಮ್ಮಾ. ನೋಡಿದವರು ಯಾರು?"

ಬಾಗಿಲ ಬಳಿ ಊರುಗೋಲು ಟಪ್ ಎಂದು ನೆಲಕ್ಕೆ ಬಿತ್ತು.

"ಉಂಗುರ ಹಾಕಿದವಳು ನಾನು ಕಣೋ ಪೊಕಾಕ್!" ನ್ಯಾನ್ ಅಜ್ಜಿ. ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಈ ಚರ್ಚಿನೊಳಗೆ ಬಂದವಳು. "ಆ ಬೆರಳಲ್ಲಿ ಇವತ್ತೂ ಇದೆ. ನೋಡಬೇಕಾ? ನಿಮ್ಮಪ್ಪನ ಮೈ ತೊಳೆದವಳೂ ನಾನೇ. ಅಲ್ಲಿ ಏನು ನೋಡಿದೆ ಅಂತಾನೂ ಹೇಳಲಾ?"

ಪೊಕಾಕ್ ಕುಳಿತುಬಿಟ್ಟ.

ಆಗ ಅದು ನಡೆಯಿತು. ಬಾಗಿಲು ಮುಚ್ಚಿತ್ತು, ಗಾಳಿಯ ಸುಳಿವಿರಲಿಲ್ಲ. ಗೋಡೆಯ ಮೇಲಿನ ಹಳೆಯ ಕಿರೀಟಗಳೆಲ್ಲ ಒಂದೊಂದಾಗಿ ಅಲುಗಿದವು. ಇನ್ನೂರು ವರ್ಷದ ಕಾಗದ ಎಲೆಯುದುರುವ ಕಾಡಿನಂತೆ ಸರಸರ ಎಂದಿತು. ಎಷ್ಟೊಂದು ಹೆಣ್ಣುಗಳು ಒಟ್ಟಿಗೆ ಎದ್ದು, ಒಬ್ಬಳಿಗೆ ದಾರಿ ಬಿಟ್ಟುಕೊಟ್ಟಂತೆ...

ಕೆಜಿಯಾಳ ಕಿರೀಟ ಒಂದೇ ಅಲುಗಲಿಲ್ಲ.

ಆಮೇಲೆ ನಿಶ್ಶಬ್ದ. ಟ್ಯಾಮ್ಸಿನ್ ಅಂಥ ನಿಶ್ಶಬ್ದವನ್ನು ಅಕ್ಕ ಹೋದಂದಿನಿಂದ ಕೇಳಿರಲಿಲ್ಲ. ಅದರಲ್ಲಿ ಯಾರೂ ಇರಲಿಲ್ಲ. 'ಹೋಗಿ ಬಾ ಅಕ್ಕಾ,' ಎಂದಳು ಮನಸ್ಸಿನಲ್ಲೇ.

ಪಾದ್ರಿ ತಾವೇ ಏಣಿ ಹತ್ತಿ ಕಿರೀಟವನ್ನು ಇಳಿಸಿದರು. "ಗೋರಿಕಲ್ಲಿನ ಮೇಲೆ ಅವಳ ಗಂಡನ ಹೆಸರೂ ಕೆತ್ತಿಸೋಣ," ಎಂದಷ್ಟೇ ಅಂದರು.

ಜನ ಹೊರಗೆ ಹೋಗುತ್ತ ಜೋಯೆಲ್‌ನ ಬೆಂಚಿನ ಬಳಿ ನಿಧಾನಿಸಿದರು. ಯಾರೂ ಕ್ಷಮೆ ಕೇಳಲಿಲ್ಲ. ಆಲ್ಡರ್‌ಬೋರ್ನ್‌ನವರಿಗೆ ಅದು ಬರುವುದಿಲ್ಲ. ಆದರೆ ಪೊಕಾಕ್ ಟೋಪಿ ತೆಗೆದ. ಗಿರಣಿಯವನ ಹೆಂಡತಿ, "ಬಂದರಿನಲ್ಲಿ ಊಟ ಸರಿಯಾಗಿ ಸಿಗತ್ತೇನಪ್ಪಾ? ಸೊರಗಿದೀಯ," ಎಂದಳು.

* * *

ಒಳತರುವ ಮುನ್ನ ಹೆಣ ಇಳಿಸಿಡುವ ಚರ್ಚಿನ ಹೆಬ್ಬಾಗಿಲ ಸೂರಿನ ಕೆಳಗೆ ಜೋಯೆಲ್ ಅವಳಿಗಾಗಿ ನಿಂತಿದ್ದ. ಮಂಜು ಕರಗಿ ಯೂ ಮರದ ತುದಿಯಲ್ಲಿ ಬಿಸಿಲು ಕಾಣುತ್ತಿತ್ತು.

"ನೀನು ನನಗೆ ಏಳಬೇಡ ಅಂದಿದ್ದು ಇದಕ್ಕಾ?"

"ಇನ್ನೊಂದು ಸಲ ಆ ಮಾತು ನಿನ್ನ ಬಾಯಿಂದ ಬರಬಾರದು ಅನ್ನಿಸ್ತು. ಒಂದು ಸಲಕ್ಕೇ ಸಾಕಷ್ಟು ತೆತ್ತಿದೀಯ." ಅವಳು ಅವನ ಕೆನ್ನೆ ನೋಡಿದಳು. "ನೋಯ್ತಾ, ನಿನ್ನೆ?"

"ಬಡಗಿಯ ಕೈಗಿಂತ ಗಟ್ಟಿ ನಿನ್ನ ಕೈ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಟ್ಯಾಮ್... ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಬೇರೆ ಯಾರನ್ನೂ..." ಅವನಿಗೆ ಮಾತು ಮುಗಿಸಲಾಗಲಿಲ್ಲ.

"ನಾನೂ," ಎಂದಳು ಅವಳು. "ಶಪಿಸ್ತಿದ್ದೆ ನಿನ್ನ. ಶಪಿಸ್ತಾ ಶಪಿಸ್ತಾ ನಿನ್ನ ಹೆಸರನ್ನೇ ಹೇಳ್ತಿದ್ದೆ."

ಅವನು ಅವಳ ಕೈ ಹಿಡಿದುಕೊಂಡ. ಬಿಸಿಯಾದ, ಬದುಕಿರುವ ಕೈ.

"ನಾಳೆ ಬೆಳಿಗ್ಗೆ ಬಂದರಿಗೆ ಗಾಡಿ ಹೋಗತ್ತೆ. ಬಾ ನನ್ನ ಜೊತೆ. ಅಲ್ಲಿ ನಮ್ಮನ್ನ ಬಲ್ಲವರಿಲ್ಲ. ಸದ್ದಿಲ್ಲದೆ ಮದುವೆ ಆಗಿಬಿಡೋಣ. ಇಲ್ಲೇ ಆದ್ರೆ ಮೂರು ಭಾನುವಾರ ಚರ್ಚಿನಲ್ಲಿ ನಮ್ಮ ಹೆಸರು ಕೂಗಬೇಕು, ಆಕ್ಷೇಪಣೆ ಇದೆಯಾ ಅಂತ ಊರನ್ನ ಕೇಳಬೇಕು... ನಿನ್ನ ಬಗ್ಗೆ ಯಾರೋ ಒಬ್ಬ ಎದ್ದು ನಿಲ್ಲೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ನಮ್ಮ ಚರ್ಚಿನಲ್ಲೇ ಕೂಗಲಿ."

"ನಿಮ್ಮ ಚರ್ಚಿನಲ್ಲಾ? ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ!"

"ಬರಲಿ. ನಮ್ಮೂರಿಗೆ ಅದೇನು ಹೊಸದಾ?"

ಅವನು ನಕ್ಕುಬಿಟ್ಟ. ಮರುಗಳಿಗೆ ಅವನ ಕಣ್ಣಲ್ಲಿ ಅದೇ ಹಳೆಯ ಹೆದರಿಕೆ. "ದಮ್ಮಯ್ಯ, ಟ್ಯಾಮ್. ಇದೊಂದು ಮಾತು ನಡೆಸಿಕೊಡು. ಯಾರಿಗೂ ಹೇಳದೆ ಹೊರಟುಬಿಡೋಣ."

"ಇಲ್ಲ," ಎಂದಳು ಟ್ಯಾಮ್ಸಿನ್, ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಅಕ್ಕನ ಹಾಗೆ ಕದ್ದು ಮಾತ್ರ ನಾನು ಬರಲ್ಲ."